ಮಲಿಕಸಾಬನ ಕಾರಿನ ಮಾಳಿಗೆ

ಗಜೇಂದ್ರಗಡದಲ್ಲಿ ಬಸ್ ಸ್ಟ್ಯಾಂಡು ಬಿಟ್ಟು ಗುಡ್ಡದ ಕಡೆ ನಡೆದರೆ ಮೊದಲು ಮಗ್ಗಗಳ ಸಪ್ಪಳ ಸಿಗುತ್ತದೆ. ಆ ಸಪ್ಪಳ ಮುಗಿಯುವಲ್ಲಿ ಒಂದು ಬೇವಿನ ಮರ, ಮರದ ಮಗ್ಗುಲಿಗೆ ಮಣ್ಣಿನ ಮಾಳಿಗೆಯ ಮನೆ. ಮನೆಯ ಮುಂದಿನ ಪಡಸಾಲೆಯೇ ಮಲಿಕಸಾಬ ನದಾಫನ ಗಾದಿ ಅಂಗಡಿ. ಊರಲ್ಲಿ ಮದುವೆಯಾದವರಲ್ಲಿ ಅರ್ಧ ಜನ ಅವನು ಹೊಲಿದ ಗಾದಿಯ ಮೇಲೆ ಮಲಗಿ ಎದ್ದವರು. ಹತ್ತಿಯ ಮೇಲೆ ಅವನ ಕೈ ಎಷ್ಟು ಮೆತ್ತಗೆ ಆಡುತ್ತಿತ್ತೋ ಬಾಯಿ ಅಷ್ಟೇ ಬಿರುಸು. ಗಿರಾಕಿ ಬಂದು "ಯಾಕೋ ಹತ್ತಿ ಸ್ವಲ್ಪ ಕಡಿಮಿ ಅನಸತೈತಿ" ಅಂದರೆ ಮುಗಿಯಿತು. ಹೊಲಿದ ಗಾದಿಯನ್ನು ಅಲ್ಲೇ ಹರಿದು, ಒಳಗಿನ ಹತ್ತಿಯನ್ನೆಲ್ಲ ಬೀದಿಗೆ ಸುರಿದು "ತೂಗಿಕೋ!" ಅನ್ನುವವನು. ಗಿರಾಕಿ ಓಡಿಹೋದ ಮೇಲೆ ಸಿಟ್ಟಿಳಿದು ಅದೇ ಹತ್ತಿಯನ್ನು ಬೀದಿಯಿಂದ ಎಳೆ ಎಳೆಯಾಗಿ ಆರಿಸುತ್ತ ಕೂರುವವನೂ ಅವನೇ. ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಮಾಸ್ತರರು ಕಿವಿ ಹಿಂಡಿದರೆಂದು ಪಾಟಿಯನ್ನು ಅವರ ಮೇಜಿನ ಮೇಲೆ ಬಡಿದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವನ ಅಪ್ಪನ ಕಾಲಕ್ಕೆ ಅಂಗಡಿ ಇರಲಿಲ್ಲ. ಆಳೆತ್ತರದ ಬಿಲ್ಲು ಹೆಗಲ ಮೇಲಿಟ್ಟು ರಾಜೂರ, ರೋಣ, ಬೆಳವಣಕಿ ಅಂತ ನಡೆದೇ ತಿರುಗಿದ ಮನುಷ್ಯ ಆತ. ಊರ ಅಗಸಿಯಲ್ಲಿ ನಿಂತು ಬಿಲ್ಲಿನ ನರದ ಹುರಿಯನ್ನು ಒಮ್ಮೆ ಮಿಡಿದರೆ ಠಂಯ್ ಎನ್ನುತ್ತಿತ್ತು. ಹತ್ತಿ ಹಿಂಜುವವನು ಬಂದನೆಂದು ಹೆಣ್ಣುಮಕ್ಕಳು ಹಳೆಯ ಗಾದಿ ಹೊರಗೆ ತರುತ್ತಿದ್ದರು. ಮಲಿಕಸಾಬನ ಕಾಲಕ್ಕೆ ಸೈಕಲ್ಲು ಬಂತು, ಆಮೇಲೆ ಹಿಂಜುವ ಮಷಿನ್ನು ಬಂತು. ಬಿಲ್ಲು ಗೋಡೆಯ ಗೂಟಕ್ಕೇರಿತು. ಆದರೆ ಸ್ವಂತದ್ದೊಂದು ಗಾಡಿ ಮಾತ್ರ ಬರಲಿಲ್ಲ. ಅವನ ಗಾದಿಗಳು ಇಡೀ ಜೀವಮಾನ ಕಂಡವರ ಟೆಂಪೋದಲ್ಲಿ, ಬಸ್ಸಿನ ತಲೆಯ ಮೇಲೆ ಸವಾರಿ ಮಾಡಿದವು.

ಅದು ಅವನಿಗೆ ಮುಳ್ಳಾಗಿ ಚುಚ್ಚಿದ್ದು ಮಗಳು ಅಫ್ರೀನಳ ಮದುವೆಯಲ್ಲಿ. ಗಂಡನ ಮನೆ ನರಗುಂದ. ಮಗಳನ್ನು ಬಿಟ್ಟು ಬರಲು ಬಾಡಿಗೆ ಟೆಂಪೋದಲ್ಲಿ ಹೋಗಿದ್ದರು. ಬಾಗಿಲಲ್ಲಿ ಅಪ್ಪನನ್ನು ತಬ್ಬಿ ಅವಳಿನ್ನೂ ಅಳಲು ಶುರುಮಾಡಿದ್ದಳಷ್ಟೇ, ಡ್ರೈವರ್ ಹಾರ್ನು ಹೊಡೆದ. "ಲಗೂ ಮಾಡ್ರಿ, ನನಗ ಇನ್ನೊಂದ ಬಾಡಗಿ ಐತಿ." ಪೂರ್ತಿ ಅಳಲೂ ಬಿಡದ ಆ ಹಾರ್ನು ಮಲಿಕಸಾಬನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಹಾಗಾಗಿ ಎರಡು ಸಾವಿರದ ಏಳನೇ ಇಸವಿಯಲ್ಲಿ ಅಫ್ರೀನ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡುಮಗು ಹಡೆದಾಗ, ಕೂಸು ನೋಡಲು ಬಂದ ಬೀಗರೆದುರು ಎದೆ ತಟ್ಟಿ ಹೇಳಿದ:

"ನನ್ನ ಮೊಮ್ಮಗ ತನ್ನ ಅಪ್ಪನ ಮನೀಗೆ ಹೋದ್ರ ನನ್ನ ಸ್ವಂತ ಗಾಡ್ಯಾಗ ಹೊಕ್ಕಾನ. ಬಾಡಗಿ ಗಾಡಿ ಹತ್ತಿಸಿದ್ರ ನನ್ನ ಹೆಸರ ಮಲಿಕಸಾಬ ಅಲ್ಲ!"

ಅಳಿಯನ ತಾಯಿ ಮದರಬಿ ವೀಳ್ಯದೆಲೆ ಮಡಿಸುತ್ತ ಕೇಳಿದಳು, "ಎಲ್ಲೈತ್ರಿ ಬೀಗ್ರ, ನಿಮ್ಮ ಗಾಡಿ?"

"ಹೊರಗ ನಿಂತೈತಿ ನೋಡ್ರಿ, ಅಕ್ಕಾರ."

ನಿಂತಿತ್ತು ನಿಜ. ಬೇವಿನ ಮರದ ಕೆಳಗೆ, ಗಾಲಿಗೆ ಕಲ್ಲು ಕೊಟ್ಟುಕೊಂಡು.

ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಗುತ್ತಿಗೆದಾರನ ಕಾರು ಅದು. ಅವನ ಕೂಲಿಯವರ ಶೆಡ್ಡುಗಳಿಗೆಲ್ಲ ಗಾದಿ ಹೊಲಿದುಕೊಟ್ಟವನು ಮಲಿಕಸಾಬ. ಕೆಲಸ ಮುಗಿಸಿ ಊರು ಬಿಡುವಾಗ ಗುತ್ತಿಗೆದಾರ ಗಾದಿಗಳ ಹಣದ ಬದಲಿಗೆ ಕಾರನ್ನೇ ಬಿಟ್ಟುಹೋದ. ಯಾವುದೋ ಹೊರದೇಶದ್ದು, ಹೆಸರು ಓದೋಣವೆಂದರೆ ಹಿಂದಿನ ಅಕ್ಷರಗಳೆಲ್ಲ ಉದುರಿದ್ದವು. ಇಂಜಿನ್ನು ಮಾತ್ರ ಒಳ್ಳೆಯ ಎತ್ತಿನಂಥದ್ದು, ಒಂದು ಸಲ ತಿರುವಿದರೆ ಸಾಕು, ಹೊರಡುತ್ತಿತ್ತು. ಒಳಗಿನ ಸಂಸಾರ ಹೇಳಬಾರದು. ಮೇಲಿನ ಬಟ್ಟೆ ಜೋತುಬಿದ್ದು ಓಡಿಸುವವನ ತಲೆಯ ಮೇಲೆ ಕೂರುತ್ತಿತ್ತು. ಅದರ ಹಿಂದಿನ ಸ್ಪಂಜು ಪುಡಿಯಾಗಿ, ಒಂದು ತಗ್ಗು ಹಾರಿದರೆ ಗೋಧಿಯ ತವುಡಿನಂತೆ ಅಂಗಿಯ ಕುತ್ತಿಗೆಯೊಳಗೆ ಉದುರುತ್ತಿತ್ತು. ಸೀಟಿನೊಳಗೆ ಇಲಿಗಳು ಮೂರು ತಲೆಮಾರು ಬಾಳಿದ ಗುರುತಿತ್ತು. ಮತ್ತು, ಅದೇ ಮುಖ್ಯ, ಕಾರಿನ ನೆತ್ತಿಗೆ ಒಂದು ಗಾಜಿನ ಕಿಂಡಿ. ತಿರುಗಿಸಿದರೆ ಹಿಂದಕ್ಕೆ ಸರಿದು ಆಕಾಶ ಕಾಣಬೇಕು. ತಿರುಗಿಸುವ ಹಿಡಿಕೆಯೇ ಇರಲಿಲ್ಲ.

ಹೆಂಡತಿ ಲಾಲಬಿ ಮೊದಲ ದಿನ ಒಳಗೆ ಕೂತು ಮೇಲೆ ನೋಡಿ ನಕ್ಕಿದ್ದಳು. "ಇದೇನ್ರೀ, ನಮ್ಮ ಅಡಗಿಮನ್ಯಾಗ ಇದ್ದಂಗ ಕಾರಿಗೂ ಬೆಳಕಿಂಡಿ ಇಟ್ಟಾರ!"

ರೋಣದ ಒಂದು ಗ್ಯಾರೇಜಿಗೆ ಒಯ್ದರೆ ಅಲ್ಲಿಯವನು ಗಾಜು ತಟ್ಟಿ, ಬಟ್ಟೆ ಜಗ್ಗಿ, "ಇದರ ಸಾಮಾನ ಈಗ ಎಲ್ಲೂ ಸಿಗಂಗಿಲ್ಲ ಸಾಬ್ರ. ಗುಜರಿಗೆ ಹಾಕ್ರಿ" ಅಂದ. "ಗುಜರಿಗೆ ನಿನ್ನ ಗ್ಯಾರೇಜ್ ಹಾಕಲೇ!" ಎಂದು ಮಲಿಕಸಾಬ ಕಾರು ತಿರುಗಿಸಿಕೊಂಡು ಬಂದ. ಬರುವ ದಾರಿಯಲ್ಲೇ ಯೋಚನೆ ಬಲಿಯಿತು. ಒಳಗಿರುವುದೇನು? ಬಟ್ಟೆ, ಹತ್ತಿ, ಹೊಲಿಗೆ. ಇದು ಗಾದಿಯೇ ತಾನೇ, ಗಾಲಿ ಇರುವ ಗಾದಿ! ಇದಕ್ಕೆ ಗ್ಯಾರೇಜ್ ಯಾಕೆ ಬೇಕು?

ಬೇಸಿಗೆಯೆಲ್ಲ ಬೇವಿನ ನೆರಳಲ್ಲಿ ಕೆಲಸ ನಡೆಯಿತು. ಸೀಟುಗಳನ್ನು ಬಿಚ್ಚಿ ಹೊರಗಿಟ್ಟ. ಬಟ್ಟೆ ಅಂಟಿಸಿದ್ದ ಮೇಲಿನ ಹಲಗೆಯನ್ನು ಡಿಕ್ಕಿಯ ಬಾಗಿಲಿಂದ ಹುಷಾರಾಗಿ ಎಳೆದು ತೆಗೆದ. ಹಳೆಯ ಬಟ್ಟೆ ಕಿತ್ತು, ಪುಡಿಯಾದ ಸ್ಪಂಜನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಉದುರಿಸಿದ. ಹೊಸ ಬಟ್ಟೆ ನೇಕಾರ ಪರಶಪ್ಪನ ಮಗ್ಗದಿಂದ ಬಂತು: ಎಳೆ ತಪ್ಪಿದ್ದಕ್ಕೆ ವ್ಯಾಪಾರಿ ಒಲ್ಲೆ ಅಂದ ಹಸಿರು ಸೀರೆ, ಕೆಂಪು ದಡಿ. ಚಪ್ಪಲಿ ಹೊಲಿಯುವವರ ಸಲೂಷನ್ ಹಚ್ಚಿ ಅಂಟಿಸಿದರೆ ಬಿಸಿಲಿಗೆ ಅಂಟು ಬಿಟ್ಟುಕೊಂಡು ಸೀರೆ ಅವನ ಗಡ್ಡಕ್ಕೇ ಅಂಟಿತು. ಬಿಡಿಸಲು ಬಂದ ಲಾಲಬಿ ನಗು ತಡೆಯಲಾರದೆ ಗಡ್ಡವನ್ನೇ ಎರಡು ಸಲ ಜಗ್ಗಿದಳು. ಮಲಿಕಸಾಬ ಸಿಟ್ಟಿನಿಂದ ಸಲೂಷನ್ ಡಬ್ಬಿಯನ್ನು ರಸ್ತೆಗೆ ಒಗೆದು, ದಬ್ಬಣ ಕೈಗೆ ತೆಗೆದುಕೊಂಡ. ಗಾದಿಗೆ ಹಾಕಿದಂತೆಯೇ ಗೇಣಿಗೊಂದು ಹೊಲಿಗೆ, ಹೊಲಿಗೆಗೊಂದು ಬಟ್ಟೆಯ ಗುಂಡಿ. ಕೆಂಪು ದಡಿ ಗಾಜಿನ ಕಿಂಡಿಯ ಸುತ್ತ ಸರಿಯಾಗಿ ಬಂದು ಕೂತಿತು. ಒಳಗೆ ಕೂತು ಮೇಲೆ ನೋಡಿದರೆ ಮದುವೆಯ ಹಂದರ!

ಹಿಡಿಕೆಗೆ ಹುಡುಕಾಡುವುದು ಬೇಕಾಗಲಿಲ್ಲ. ಲಾಲಬಿಯ ಹಳೆಯ ಕೈ ಹೊಲಿಗೆ ಮಷಿನ್ನಿನ ಹಿಡಿಕೆಯನ್ನು ಬಿಚ್ಚಿ, ಕಾನಸಿನಿಂದ ಉಜ್ಜಿ ಕೂಡಿಸಿದ. ತಿರುಗಿಸಿದರೆ ಗಾಜು ಗರಗರ ಎಂದು ಹಿಂದೆ ಸರಿದು ಬೇವಿನ ಎಲೆ ಕಂಡಿತು.

ಇನ್ನು ಸೀಟು. ಅದು ಅವನ ಸ್ವಂತ ವಿದ್ಯೆ. ಕೈ ಬಿಗಿಹಿಡಿಯದೆ ಹತ್ತಿ ತುಂಬಿದ. ಎದುರು ಮನೆಯ ಒಕ್ಕಲಿಗ ದೇವಪ್ಪ, ಚಿಕ್ಕಂದಿನ ಗೆಳೆಯ, ಆರು ಅಡಿ ಮೇಲೆ ರುಮಾಲು ಸುತ್ತಿದ ಆಳು, ಮೊದಲ ಸಲ ಕೂರಲು ಬಂದ. ಕೂತರೆ ರುಮಾಲು ಚಾವಣಿಗೆ ಬಡಿದು ಕಣ್ಣಿನ ಮೇಲೆ ಇಳಿಯಿತು.

"ಲೇ ಮಲಕ್ಯಾ, ಇದೇನ್ ಸೀಟೋ ಮಂಚೋ? ಕುಂಡರಲ್ಯೋ, ಮಲಗಲ್ಯೋ?"

"ನಿನ್ನ ತಲಿ ದೊಡ್ಡದೈತಿ, ಸೀಟಿಗೇನ್ ಅಂತಿ?"

"ತಲಿ ದೊಡ್ಡದಾದ್ರ ಮನ್ಯಾಗ ಇಟ್ಟ ಬರಲೇನು? ಆ ಬೆಳಕಿಂಡಿ ತಗಿ ಮೊದಲ."

ಮಲಿಕಸಾಬ ಹಿಡಿಕೆ ತಿರುಗಿಸಿದ. ದೇವಪ್ಪನ ರುಮಾಲು ಕಾರಿನ ಮೇಲೆ ಎದ್ದು ನಿಂತಿತು. ಹಾಗೆಯೇ ಬಸ್ ಸ್ಟ್ಯಾಂಡಿನವರೆಗೆ ಹೋಗಿಬಂದರು. ಊರು ಕೂಡಿ ನಕ್ಕಿತು. ಮಲಿಕಸಾಬ ಬಂದವನೇ ಸೀಟು ಹರಿದು ಅರ್ಧ ಹತ್ತಿ ಹೊರಗೆಳೆದ. ಆ ಹತ್ತಿಯಲ್ಲಿ ಲಾಲಬಿ ಕೂಸಿಗೊಂದು ಪುಟ್ಟ ಗಾದಿ ಹೊಲಿದಳು.

ಕಾರನ್ನು ಎಲ್ಲರಿಗಿಂತ ಮೊದಲು ಮೆಚ್ಚಿದ್ದು ಆ ಕೂಸೇ. ಹೊಟ್ಟೆನೋವಿಗೆ ಚೀರಿ ಚೀರಿ ಮನೆ ಹಾರಿಸುತ್ತಿದ್ದ ಮಗು, ಕಾರಿನ ಸೀಟಿನ ಮೇಲೆ ಮಲಗಿಸಿದರೆ ತಟ್ಟನೆ ಸುಮ್ಮನಾಗುತ್ತಿತ್ತು. ಗಾಜಿನಾಚೆ ಬೇವಿನ ಎಲೆ ಅಲ್ಲಾಡಿದಂತೆ ಕಣ್ಣು ಅಲ್ಲಾಡಿಸುವುದು, ಕೈ ಬೀಸುವುದು, ಆಮೇಲೆ ಒಂದು ಬೊಚ್ಚುಬಾಯಿಯ ನಗು. ಮಧ್ಯಾಹ್ನದ ತೊಟ್ಟಿಲು ಅದೇ ಆಯಿತು.

ಆಗ ಮಳೆ ಬಂತು.

ಮೊದಲ ಮಳೆಗೆ ಗಾಜಿನ ಮೂಲೆಯಿಂದ ತೊಟ್ ತೊಟ್ ಎಂದು ಸೀಟಿನ ಮೇಲೆ ಹನಿಯಿತು. ಮಲಿಕಸಾಬ ಗಾಜಿನ ಸುತ್ತ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ, ಹನಿಯಿತು. ಡಾಂಬರು ಬಳಿದ, ಮಳೆ ಬಿಟ್ಟು ಬಿಸಿಲು ಬಿದ್ದಾಗ ಡಾಂಬರು ಕರಗಿ, ಶುಕ್ರವಾರ ನಮಾಜಿಗೆ ಹೊರಟವನ ಬಿಳಿ ಅಂಗಿಯ ಮೇಲೇ ಇಳಿಯಿತು. ಕೆಂಡವಾಗಿ ಗಾಜನ್ನು ಪೂರ್ತಿ ಸರಿಸಿ ಕೆಳಗೆ ಕಣ್ಣಿಟ್ಟು ನೋಡಿದ. ಗಾಜಿನ ಸುತ್ತಲೂ ತಗಡಿನ ಸಣ್ಣ ಕಾಲುವೆ. ಅದರ ನಾಲ್ಕೂ ಮೂಲೆಗೆ ನಾಲ್ಕು ತೂತು.

"ಸಿಕ್ಕ ನೋಡ ಕಳ್ಳ!" ಎಂದು ಕೂಗಿದ. "ಲಾಲಬೀ, ತೂತ ಬಿದ್ದಾವ, ತೂತ! ನೀರ ಬರದs ಏನ್ ಹಾಲ ಬಂದೀತ?"

ಮೇಣದಲ್ಲಿ ಹತ್ತಿ ಅದ್ದಿ, ನಾಲ್ಕೂ ತೂತಿಗೆ ದಬ್ಬಣದಿಂದ ಗಟ್ಟಿಯಾಗಿ ಗಿಡಿದ. ಮೇಲೆ ಒಂದು ಕೊಡ ನೀರು ಸುರಿದು ಒಳಗೆ ಹೋಗಿ ಕೂತ. ಒಂದು ಹನಿ ಇಲ್ಲ! ದೇವಪ್ಪನನ್ನು ಕರೆದು ತೋರಿಸಿದ, ಪರಶಪ್ಪನನ್ನು ಮಗ್ಗದಿಂದ ಎಬ್ಬಿಸಿ ತಂದು ತೋರಿಸಿದ. ಎಲ್ಲರಿಗೂ ಚಹಾ ಆಯಿತು.

ಆ ವಾರವೇ ಮದರಬಿ ನರಗುಂದದಿಂದ ಮೊಮ್ಮಗನನ್ನು ನೋಡಲು ಬಸ್ಸಿಗೆ ಬಂದಳು. ಜೋರು ಮಳೆ. ಬಸ್ ಸ್ಟ್ಯಾಂಡಿನಲ್ಲಿ ಬೀಗಿತ್ತಿ ನೆನೆಯಬಾರದೆಂದು ಮಲಿಕಸಾಬ ಕಾರು ಒಯ್ದು, ಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಕೂಡಿಸಿದ. ಮದರಬಿ ಮೇಲೆ ನೋಡಿ, "ಅಗಲ ಐತ್ರಿ ಬೀಗ್ರ, ಚಲೋ ಕಾಣತೈತಿ" ಎಂದು ಹೊಗಳಿಯೂ ಹೊಗಳಿದಳು. ಮಲಿಕಸಾಬ ಮೀಸೆಯೊಳಗೆ ನಕ್ಕ. ಮಳೆ ಗಾಜಿನ ಮೇಲೆ ಬಡಿಯುತ್ತಲೇ ಇತ್ತು, ಒಳಗೆ ಹನಿ ಇಲ್ಲ. ಮನೆಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದ.

ತುಂಬಿ ನಿಂತಿದ್ದ ಕಾಲುವೆಯ ನೀರೆಲ್ಲ ಒಮ್ಮೆಗೇ ಮುಂದಕ್ಕೆ ಉಕ್ಕಿ, ಹಸಿರು ಸೀರೆಯ ದಡಿ ದಾಟಿ, ಕೊಡ ಬೋರಲು ಹಾಕಿದಂತೆ ಮದರಬಿಯ ತಲೆಯ ಮೇಲೆ ಬಿತ್ತು. ತುಕ್ಕಿನ ಬಣ್ಣದ ನೀರು. ಹೊಸ ಸೀರೆ. ಕೈಯಲ್ಲಿದ್ದ ವೀಳ್ಯದೆಲೆಯ ಚೀಲ ಕೂಡ ತೇಲಿತು.

ಅವಳು ಸೆರಗು ಹಿಂಡಿ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಬೀಗ್ರ, ಬಸ್ ಸ್ಟ್ಯಾಂಡ್‌ನ್ಯಾಗ ನಿಂತಿದ್ರ ಇಷ್ಟ ತೊಯ್ತಿದ್ದಿಲ್ಲ ನಾನು."

ಮನೆಗೆ ಬಂದು ಲಾಲಬಿಯ ಸೀರೆ ಉಟ್ಟು ಚಹಾ ಕುಡಿದ ಮೇಲೆ ತೀರ್ಮಾನವೂ ಬಂತು. "ರಂಜಾನ್ ಹುಟ್ಟೂದರಾಗ ಸೊಸಿ, ಮೊಮ್ಮಗ ನರಗುಂದಕ್ಕ ಬರಬೇಕು. ಆದ್ರ ಆ ಸೋರೂ ಗುಡಸಲದಾಗ ಅಲ್ಲ. ನಮ್ಮ ಓಣಿ ಯಮನೂರನ ಜೀಪ್ ಐತಿ. ನಾನ ತಗೊಂಡ ಬರತೀನಿ."

ಮಲಿಕಸಾಬನ ಮುಖ ಸುಟ್ಟ ಇಟ್ಟಿಗೆಯಾಯಿತು. ಜೀಪು! ಬಾಡಿಗೆ ಜೀಪು! ಮತ್ತೆ ಆ ಹಾರ್ನು ಕಿವಿಯಲ್ಲಿ ಕೂಗಿತು. ಬೀಗಿತ್ತಿಗೆ ಎದುರಾಡುವಂತಿಲ್ಲ, ಹೊರಗೆ ಹೋಗಿ ಕಾರಿನ ಗಾಲಿಗೆ ಒಂದು ಒದ್ದ. ನೋವಾದದ್ದು ಕಾಲಿಗೆ.

ಮದರಬಿ ಬಸ್ಸು ಹತ್ತಿದ ಮೇಲೆ ವೆಲ್ಡಿಂಗ್ ಬಾಬುಸಾಬನ ಶೆಡ್ಡಿಗೆ ಹೋಗಿ ಹೇಳಿಬಂದ: "ದಪ್ಪನ ತಗಡ ತಗೊಂಡ ನಾಳಿ ಮುಂಜಾನೆ ಬಾ. ಆ ಕಿಂಡಿ ಕಾಯಂ ಬಂದ್ ಮಾಡು. ಮುಗೀತ ರಗಳಿ."

ಕೇಳಿ ಅಫ್ರೀನ ಕೂಸನ್ನೆತ್ತಿಕೊಂಡು ಬಂದಳು. "ಬ್ಯಾಡ ಅಪ್ಪಾ. ಆ ಗಾಜ ನೋಡಿದ್ರಷ್ಟ ಇಂವಾ ಸುಮ್ನಾಗತಾನ. ತಗಡ ನೋಡಿ ನಗತಾನೇನ?"

"ತಗಡ ನೋಡಿ ಅಳಲಿ! ನನ್ನ ಗಾಡ್ಯಾಗ ಕುಂತ ಅಳಲಿ!"

"ಬೆಂಕಿ ಹಚ್ಚಿ ಬೆಸೀತಾರ. ಆ ಸೀರಿ, ಆ ಹೊಲಿಗಿ ಎಲ್ಲಾ ಸುಡತೈತಲ್ಲ?"

ಮಾತಿನಲ್ಲಿ ಸೋತಾಗ ಮಲಿಕಸಾಬ ಏನಾದರೂ ಎತ್ತಿ ಇಡುವ ಕೆಲಸ ಹುಡುಕುತ್ತಿದ್ದ. ನೆನೆದ ಮುಂದಿನ ಸೀಟುಗಳನ್ನು ಬಿಚ್ಚಿ, ಒಂದೊಂದನ್ನೇ ಹೊತ್ತು ಏಣಿ ಹತ್ತಿ ಮಾಳಿಗೆಯ ಮೇಲೆ ಒಣಗಲು ಇಟ್ಟ. ಸಿಟ್ಟಿನ ಭರದಲ್ಲಿ ಎಲ್ಲಿಟ್ಟೆನೆಂದೂ ನೋಡಲಿಲ್ಲ.

ಸಂಜೆಯಾಗುವ ಮುಂಚೆ ಮೋಡ ಮತ್ತೆ ಕವಿಯಿತು. ಮಳೆ ಸುರಿಯಿತು. ಈ ಮನೆ ಅವನ ಅಜ್ಜನ ಕಾಲದ್ದು. ಪ್ರತಿ ವರ್ಷ ಮಳೆಗಾಲದ ಮುಂಚೆ ಲಾಲಬಿ ಮಾಳಿಗೆಗೆ ಸವಳು ಮಣ್ಣು ಹಾಕಿ, ತುಳಿದು, ಇಳಿಜಾರು ಸರಿಮಾಡುತ್ತಿದ್ದಳು. ಎಂಥ ಮಳೆಗೂ ಒಂದು ಹನಿ ಇಳಿದದ್ದಿಲ್ಲ. ಅಂದು ಪಡಸಾಲೆಯ ಜಂತಿಯಿಂದ ಇಳಿಯಿತು, ತೊಟ್ಟಿಲ ಪಕ್ಕಕ್ಕೇ. ಅಫ್ರೀನ ತೊಟ್ಟಿಲು ಸರಿಸಿದಳು. ಲಾಲಬಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿ ಏಣಿ ಹತ್ತಿ, ಮೇಲೆ ನೋಡಿ ಅಲ್ಲಿಂದಲೇ ಚೀರಿದಳು:

"ಏನ್ರೀ! ಹತ್ತ ಬರ್ರಿ ಇಲ್ಲೆ! ದೋಣಿ ಬಾಯಿಗೆ ಸೀಟ ಗಿಡದ ಇಟ್ಟೀರಲ್ಲ, ನೀರ ಎಲ್ಲಿ ಹೋಗಬೇಕ್ರಿ? ನನ್ನ ತಲಿ ಮ್ಯಾಲೆ ಹೋಗಲೇನು?"

ಮಾಳಿಗೆಯ ನೀರು ಬೀದಿಗೆ ಬೀಳಲು ಗೋಡೆಯಂಚಿನಲ್ಲಿ ಒಂದು ಕಲ್ಲಿನ ದೋಣಿ. ಮಲಿಕಸಾಬ ಇಟ್ಟ ಸೀಟು ಜಾರಿ ಸರಿಯಾಗಿ ಅದರ ಬಾಯಿಗೆ ಕೂತಿತ್ತು. ಒಳ್ಳೆಯ ಹತ್ತಿ, ತನ್ನ ಕೈಯ ಹೊಲಿಗೆ. ಒಂದು ಹನಿ ಬಿಟ್ಟಿರಲಿಲ್ಲ. ಮಾಳಿಗೆಯ ಮೇಲೆ ಕೆರೆ ನಿಂತಿತ್ತು.

ಬೈಯುತ್ತ ಮೇಲೆ ಹೋಗಿ ಸೀಟು ಹಿಡಿದು ಜಗ್ಗಿದ. ನೀರು ಬುಳ್ ಎಂದು ದೋಣಿಗೆ ನುಗ್ಗಿ, ಬೀದಿಯಲ್ಲಿ ಹೊಲದಿಂದ ಬರುತ್ತಿದ್ದ ದೇವಪ್ಪನ ರುಮಾಲಿನ ಮೇಲೆ ಧಬಧಬ ಬಿತ್ತು.

"ಲೇ ಮಲಕ್ಯಾ! ಬೀಗಿತ್ತಿ ಆದ್ಲು, ಈಗ ನನ್ನ ಪಾಳೇನು?" ಎಂದು ದೇವಪ್ಪ ಕೆಳಗಿನಿಂದ ಕೂಗಿದ.

ಮಲಿಕಸಾಬ ತೊಯ್ದ ಸೀಟನ್ನು ಎದೆಗವಚಿಕೊಂಡು ದೋಣಿಯನ್ನೇ ನೋಡುತ್ತ ನಿಂತ. ಕೆರೆ ಇಳಿಯಿತು, ಮಾಳಿಗೆ ಬರಿದಾಯಿತು. ಕೆಳಗಿನಿಂದ ಅಫ್ರೀನ "ನಿಂತ್ತ ನೋಡ್ರಿ, ಸೋರೂದು ನಿಂತ್ತು!" ಅಂದಳು. ಸಿಟ್ಟಿಲ್ಲದೆ ಸುಮ್ಮನೆ ನಿಂತ ಗಂಡನನ್ನು ಲಾಲಬಿ ನೋಡಿದ್ದೇ ಕಡಿಮೆ. ಅವಳಿಗೆ ಹೆದರಿಕೆಯಾಯಿತು.

"ಯಾಕ್ರಿ, ಏನಾತು? ಎದಿ ನೋವೇನು?"

"ಲಾಲಬೀ," ಅಂದ ಮೆಲ್ಲಗೆ, "ಅವು ತೂತಲ್ಲ."

"ಯಾವು?"

"ಕಾರಿನ ಮೂಲ್ಯಾಗಿನವು. ಅವು ದೋಣಿ. ನಾಕ ದೋಣಿ! ಬಂದ ನೀರ ಹೊರಗ ಹೋಗ್ಲಿ ಅಂತ ಇಟ್ಟಾರ. ನಾನ ಹುಚ್ಚ ಸೂಳೆಮಗ ಮ್ಯಾಣ ಗಿಡದೇನಿ!"

"ಮಾಳಿಗಿ ಅಂದ ಮ್ಯಾಲೆ ದೋಣಿ ಇರದs ಇರತೈತೇನ್ರಿ?" ಅಂದಳು ಲಾಲಬಿ, ಇದೇನು ಹೊಸ ಮಾತು ಎಂಬಂತೆ. "ನನ್ನ ಕೇಳಿದ್ರ ಅವತ್ತ ಹೇಳತಿದ್ದೆ."

ಮರುದಿನ ಬೆಳಗಾಗುತ್ತಲೇ ದಬ್ಬಣ ಹಿಡಿದು ಮೇಣದ ಹತ್ತಿಯನ್ನು ಕಿತ್ತು ತೆಗೆದ. ನೀರು ಬಿಟ್ಟ. ಇಳಿಯಲಿಲ್ಲ. ತೂತಿನ ಕೆಳಗೆ ರಬ್ಬರಿನ ನಳಿಗೆಗಳು. ಬಾಗಿಲ ಪಕ್ಕದ ಕಂಬದೊಳಗಿಂದ ಇಳಿದು ಗಾಲಿಯ ಹತ್ತಿರ ಬಾಯಿ ಬಿಡಬೇಕು. ಗುಡ್ಡದ ಕೆಂಪು ಮಣ್ಣು ವರ್ಷಗಟ್ಟಲೆ ಸೇರಿ ಒಳಗೆ ಗಟ್ಟಿಯಾಗಿತ್ತು. ಮೊದಲಿಗೆ ಹನಿಯುತ್ತಿದ್ದದ್ದೂ ಅದಕ್ಕೇ. ಕಬ್ಬಿಣದ ತಂತಿ ಹಾಕಿದರೆ ತಿರುವಿನಲ್ಲಿ ಚುಚ್ಚಿ ನಿಂತಿತು. ಜೋರು ಮಾಡಿದರೆ ನಳಿಗೆ ಹರಿಯುತ್ತದೆ. ಸೆಣಬಿನ ಹಗ್ಗ ಮೆತ್ತಗಾಗಿ ಮಡಚಿತು. ಬಾಗಬೇಕು, ಆದರೆ ಮಡಚಬಾರದು. ಅಂಥದ್ದು ಏನಿದೆ?

ಅಷ್ಟರಲ್ಲಿ ಬಾಬುಸಾಬ ತಗಡು, ವೆಲ್ಡಿಂಗ್ ಸಾಮಾನು ಹೇರಿಕೊಂಡು ಬಂದು ನಿಂತ.

"ಯಾಕ ಬಂದಿ?" ಅಂದ ಮಲಿಕಸಾಬ.

"ನೀನ ಬಾ ಅಂದಿ!"

"ನಿನ್ನಿ ಅಂದೆ. ಇವತ್ತ ಹೋಗ ಅನ್ನಾಕತ್ತೇನಿ."

"ತಲಿ ಗಿಲಿ ನೆಟ್ಟಗೈತೇನ ನಿಂದು?"

"ಇಲ್ಲ. ಚಹಾ ಕುಡದ ಹೋಗು."

ಚಹಾ ತರಲು ಒಳಗೆ ಹೋದವನ ಕಣ್ಣು ಗೋಡೆಯ ಗೂಟದ ಮೇಲೆ ಬಿತ್ತು. ಅಪ್ಪನ ಬಿಲ್ಲು. ಧೂಳು ಹಿಡಿದಿತ್ತು, ಆದರೆ ನರದ ಹುರಿ ಇನ್ನೂ ಬಿಗಿಯಾಗಿತ್ತು. ಬೆರಳಿನಿಂದ ಮಿಡಿದ. ಠಂಯ್. ಅಡಿಗೆಮನೆಯಿಂದ ಲಾಲಬಿ ಬಗ್ಗಿ ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಆ ಸಪ್ಪಳ ಎದ್ದಿತ್ತು. ಮಲಿಕಸಾಬ ಹುರಿಯನ್ನು ಬಿಚ್ಚಿ, ಎಣ್ಣೆ ಸವರಿ, ನಳಿಗೆಯ ಬಾಯಿಗಿಟ್ಟು ಮೆಲ್ಲಗೆ ಬಿಟ್ಟ. ತಿರುವಿನಲ್ಲಿ ಹಾವಿನಂತೆ ಬಾಗಿ ಮುಂದೆ ಹೋಯಿತು. ಸರಸರ ಎಳೆದಾಡಿದ. ಕೆಳಗೆ ಗಾಲಿಯ ಹತ್ತಿರ ಮೊದಲು ಕೆಂಪು ಮಣ್ಣಿನ ಹೆಂಟೆ, ಆಮೇಲೆ ಬೇವಿನ ಹೂ, ಒಂದಿಷ್ಟು ಸತ್ತ ಇರುವೆ, ಕೊನೆಗೆ ತಿಳಿ ನೀರು.

"ಸುರೀ!" ಎಂದ.

ಲಾಲಬಿ ಕೊಡ ಸುರಿದಳು. ಅಫ್ರೀನ ಸುರಿದಳು. ಬಾಬುಸಾಬ ಚಹಾ ಕಪ್ಪು ಕೆಳಗಿಟ್ಟು ಬಕೀಟು ತಂದ. ದೇವಪ್ಪ ತನ್ನ ಮನೆಯ ಹಂಡೆಯನ್ನೇ ಹೊತ್ತು ತಂದು "ನಿನ್ನಿ ನಂದ ಸೇಡ ಉಳದೈತಿ" ಎಂದು ಬೋರಲು ಹಾಕಿದ. ಒಳಗೆ ಕೂತಿದ್ದ ಮಲಿಕಸಾಬನ ಮೇಲೆ ಒಂದು ಹನಿ ಬೀಳಲಿಲ್ಲ. ನಾಲ್ಕೂ ಗಾಲಿಯ ಬದಿಗೆ ನಾಲ್ಕು ಧಾರೆ ಸುರಿಯುತ್ತಿದ್ದವು. ಈ ಸಲ ಬುದ್ಧಿ ಬಂದಿತ್ತು. ಸೀಟುಗಳನ್ನು ಮತ್ತೆ ಕೂಡಿಸಿ, ಕಾರು ಹೂಡಿ ಗುಡ್ಡದ ಏರಿಗೆ ಒಯ್ದು, ಇಳಿಜಾರಿನಲ್ಲಿ ಬ್ರೇಕು ಒತ್ತಿ, ಮತ್ತೆ ಒತ್ತಿ ನೋಡಿದ. ಇಲ್ಲ, ಹನಿ ಇಲ್ಲ. ವಾಪಸು ಬರುವಾಗ ಆ ಎಮ್ಮೆಯೇ ಎದುರು ಸಿಕ್ಕಿತು. ಅದಕ್ಕೂ ಒಂದು ಸಲಾಮು ಹೊಡೆದ.

ಮದರಬಿ ಮಾತು ಬಿಡುವವಳಲ್ಲ. ರಂಜಾನ್ ಎದುರಿಗಿರುವಾಗ ಒಂದು ಬೆಳಗ್ಗೆ ಯಮನೂರನ ಬಟ್ಟೆಯ ಟಾಪು ಹಾಕಿದ ಜೀಪಿನಲ್ಲಿ ಬಂದಿಳಿದಳು. ಕಂಕುಳಲ್ಲಿ ದೊಡ್ಡ ಕರಿ ಛತ್ರಿ. ಆಕಾಶವೂ ಅಷ್ಟೇ ಕರಿ. ಮಲಿಕಸಾಬ ಕಾರು ತೊಳೆದು, ಒಳಗೆ ಅತ್ತರು ಹಚ್ಚಿ, ಗಾಲಿಯ ಕಲ್ಲು ತೆಗೆದು ನಿಲ್ಲಿಸಿದ್ದ. ಮೇಲೆ ನೀರು ಸುರಿದು ತೋರಿಸಲು ಹೋದರೆ ಮದರಬಿ ಕೈ ಅಡ್ಡ ಹಿಡಿದಳು.

"ಕೊಡದ ನೀರ ಬ್ಯಾರೆ, ಮಳಿ ನೀರ ಬ್ಯಾರೆ. ನನ್ನ ಮಾತ ಕೇಳ್ರಿ. ಕೂಸು ನಿಮ್ಮ ಗಾಡ್ಯಾಗ ಬರಲಿ. ಜೀಪ್ ಹಿಂದ ಬರತೈತಿ. ಒಂದ, ಒಂದs ಹನಿ ಬಿತ್ತಂದ್ರ, ಅಲ್ಲೇ ಇಳದ ಜೀಪ್ ಹತ್ತತೀವಿ. ಒಪ್ಪಿಗೇನು?"

"ಒಪ್ಪಿಗಿ ಅಕ್ಕಾರ."

"ಮತ್ತ ನಾನು ಅವತ್ತ ಎಲ್ಲಿ ಕುಂತಿದ್ನೋ ಅಲ್ಲೇ ಕುಂಡರತೀನಿ."

ಕೂತಳು. ಕೂತು, ಬಾಗಿಲು ಹಾಕಿ, ಕಾರಿನೊಳಗೇ ಛತ್ರಿ ಬಿಚ್ಚಿದಳು. ಒಂದು ಕಡ್ಡಿ ಮಲಿಕಸಾಬನ ಕಿವಿಗೆ, ಇನ್ನೊಂದು ಕನ್ನಡಿಗೆ. ಹಿಂದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಅಫ್ರೀನ ಸೆರಗು ಬಾಯಿಗೆ ತುರುಕಿಕೊಂಡಳು. ಮಲಿಕಸಾಬನ ನೆತ್ತಿಗೆ ಸಿಟ್ಟು ಏರುವುದನ್ನು ಹಿಂದಿನಿಂದಲೇ ಕಂಡ ಲಾಲಬಿ ಅವನ ಭುಜ ಒಂದು ಸಲ ಚಿವುಟಿದಳು. ಸಿಟ್ಟು ಇಳಿಯಿತು.

ರೋಣದವರೆಗೆ ಬರೀ ಗಾಳಿ. ರೋಣ ದಾಟಿದ ಮೇಲೆ ಎರೆ ಹೊಲಗಳ ಮೇಲಿಂದ ಮಳೆ ಬಿಳಿ ಗೋಡೆಯಂತೆ ನಡೆದು ಬಂದು ಕಾರನ್ನು ನುಂಗಿತು. ಗಾಜಿನ ಮೇಲೆ ಸಾವಿರ ಬೆರಳು ತಾಳ ಹಾಕಿದಂತೆ ಸಪ್ಪಳ. ಮಲಿಕಸಾಬನ ಕಣ್ಣು ರಸ್ತೆಯ ಮೇಲೆ, ಪ್ರಾಣ ನೆತ್ತಿಯ ಮೇಲೆ. ತಗ್ಗು ಬಂದಾಗ ಉಸಿರು ಹಿಡಿದ. ತಿರುವು ಬಂದಾಗ ಉಸಿರು ಹಿಡಿದ. ಮದರಬಿ ಛತ್ರಿಯ ಬಟ್ಟೆಗೆ ಕಿವಿಗೊಟ್ಟು ಕೂತಿದ್ದಳು, ಹನಿ ಬಿದ್ದರೆ ಕೇಳಬೇಕಲ್ಲ. ಬೆಳವಣಕಿಯ ಹತ್ತಿರ ಕುರಿಹಿಂಡು ಅಡ್ಡ ಬಂತು.

ಬ್ರೇಕು ಒತ್ತಲೇಬೇಕಾಯಿತು.

ಕಾರು ನಿಂತಿತು. ಮದರಬಿ ಛತ್ರಿಯ ಕೆಳಗೆ ಕುಗ್ಗಿದಳು. ಕುರಿಗಳು ಮ್ಯಾ ಮ್ಯಾ ಎನ್ನುತ್ತ ದಾಟಿದವು. ಮೇಲಿಂದ ಏನೂ ಬೀಳಲಿಲ್ಲ. ಹಿಂದಿನಿಂದ ಕೂಸು ಮಾತ್ರ ಕೇಕೆ ಹಾಕಿ ನಕ್ಕಿತು. ತಲೆಯ ಮೇಲೆ ಇಷ್ಟೊಂದು ನೀರು ಕುಣಿಯುವುದನ್ನು ಅದು ಇದೇ ಮೊದಲು ನೋಡುತ್ತಿತ್ತು. ಆದರೆ ಅರ್ಧ ಆಕಾಶಕ್ಕೆ ಕರಿ ಛತ್ರಿ ಅಡ್ಡ. ಅದರ ಕಡೆ ಕೈ ಚಾಚಿ ಸಿಡಿಮಿಡಿಗೊಂಡಿತು.

"ಅತ್ತೀ, ಇಂವಗ ಕಾಣವಲ್ದು," ಅಂದಳು ಅಫ್ರೀನ.

ಅಷ್ಟರಲ್ಲಿ ಹಿಂದಿನ ಜೀಪು ಪೇಂ ಪೇಂ ಎಂದು ಹಾರ್ನು ಹೊಡೆಯಿತು. ಮಲಿಕಸಾಬನ ಮೈ ಉರಿಯಿತು. ಮತ್ತೆ ಬಾಡಿಗೆ ಗಾಡಿಯ ಹಾರ್ನು! ಕಿಟಕಿಯ ಗಾಜು ಇಳಿಸಿ ಬೈಯಲು ಬಾಯಿ ತೆಗೆದ. ನೋಡಿದರೆ ಯಮನೂರ ಜೀಪಿನಿಂದ ಇಳಿದು ಓಡಿಬರುತ್ತಿದ್ದ. ಟಾಪಿನ ಹೊಲಿಗೆ ಬಿಚ್ಚಿಹೋಗಿ, ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದ. ಮದರಬಿಯ ಕಿಟಕಿ ಬಡಿದು ಹಲ್ಲು ಕಟಕಟ ಕಡಿಯುತ್ತ ಕೇಳಿದ:

"ಅವ್ವಾರ, ಜೀಪಿನ್ಯಾಗ ಕುಂಡರಾಕ ಜಾಗಾ ಇಲ್ರಿ, ಎಲ್ಲಾ ನೀರು. ಆ ಛತ್ರಿ... ನಿಮಗ ಬೇಕಾಗಿಲ್ಲಂದ್ರ..."

ಮದರಬಿ ಅವನನ್ನು ನೋಡಿದಳು. ಮೇಲೆ ಕೆಂಪು ದಡಿಯ ಹಸಿರು ಹಂದರ ನೋಡಿದಳು. ಬೀಗನ ಮುಖ ಒಂದನ್ನು ಬಿಟ್ಟು ಎಲ್ಲ ನೋಡಿದಳು. ಛತ್ರಿ ಮಡಚಿ ಕಿಟಕಿಯಿಂದ ಹೊರಗೆ ಕೊಟ್ಟಳು.

"ತಗೋ. ಹಿಡದ ಹಿಡದ ನನ್ನ ಕೈ ನೋವಾಗೇತಿ, ಅದಕ್ಕ ಕೊಡಾಕತ್ತೇನಿ, ಮತ್ತೇನಿಲ್ಲ. ನೀ ಊರಿಗೆ ಮುಂದ ಹೋಗು. ನಮ್ಮ ಗಾಡಿ ಸಾವಕಾಶ ಬರತೈತಿ."

ನಮ್ಮ ಗಾಡಿ! ಮಲಿಕಸಾಬ ಅದನ್ನು ಕೇಳಿಯೂ ಕೇಳದವನಂತೆ ಗೇರು ಹಾಕಿದ.

ನರಗುಂದ ಸೇರುವಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಅಳಿಯ ಆಫ್ತಾಬ ಬಾಗಿಲಲ್ಲೇ ಕಾಯುತ್ತಿದ್ದ. ಓಣಿಯ ಹೆಂಗಸರೆಲ್ಲ ಕೂಸು ನೋಡಲು ಕಾರು ಮುತ್ತಿದರು. ಮದರಬಿ ಇಳಿಯಲೇ ಇಲ್ಲ. ಮೊಮ್ಮಗನನ್ನು ಮುಂದಕ್ಕೆ ಇಸಿದುಕೊಂಡು, ಹೊಲಿಗೆ ಮಷಿನ್ನಿನ ಹಿಡಿಕೆಯನ್ನು ತಾನೇ ಗರಗರ ತಿರುಗಿಸಿ, ಕೂಸನ್ನು ಬೆಳಕಿಂಡಿಯಿಂದ ಮೇಲಕ್ಕೆತ್ತಿ ಓಣಿಗೆಲ್ಲ ತೋರಿಸಿದಳು. "ನೋಡ್ರೇ, ಹ್ಯಾಂಗ ಬಂದಾನ ನಮ್ಮ ನವಾಬ! ನಾಕ ದೋಣಿ ಅದಾವ ಈ ಗಾಡಿಗೆ. ಎಂಥಾ ಮಳಿ ಬಂದ್ರೂ ಒಂದ ಹನಿ ಒಳಗ ಬರಂಗಿಲ್ಲ!" ದೋಣಿ ಇಡಿಸಿದವಳು ತಾನೇ ಎಂಬಂತಿತ್ತು ಮಾತು.

ಹೊರಡುವಾಗ ಅಫ್ರೀನ ಅಪ್ಪನನ್ನು ತಬ್ಬಿ ಅಳಲು ನಿಂತಳು. ಮಲಿಕಸಾಬ ಅವಳ ತಲೆ ಸವರುತ್ತ ಮರದಂತೆ ನಿಂತ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ನಡುವೆ ಅಪ್ಪನ ಗಡ್ಡಕ್ಕೆ ಅಂಟಿದ್ದ ಸೀರೆ ನೆನಪಾಗಿ ನಕ್ಕಳು, ಮತ್ತೆ ಅತ್ತಳು. ಬೀದಿಯ ನೆರಳು ಈ ಗೋಡೆಯಿಂದ ಆ ಗೋಡೆಗೆ ಸರಿಯಿತು. ಕಾರು ಬಾಗಿಲು ತೆರೆದುಕೊಂಡು ಸುಮ್ಮನೆ ಕಾದು ನಿಂತಿತ್ತು. ಯಾರೂ ಹಾರ್ನು ಹೊಡೆಯಲಿಲ್ಲ.